ಆಸ್ಪತ್ರೆಯ ಆಚೆ: ಎಣ್ಣೆಗಿಂತ ಮೊದಲು ಶಾಲೆ

ಊರಿನಿಂದ ನೆಂಟರು ಬಂದರೆ ನಮ್ಮ ಬಹ್ರೈನ್ ಕನ್ನಡಿಗರ ಪಟ್ಟಿ ಸಿದ್ಧವಾಗಿಯೇ ಇರುತ್ತದೆ: ಬಹ್ರೈನ್ ಕೋಟೆ, ಫತೇಹ್ ಮಸೀದಿ, ಮರುಭೂಮಿಯ ಒಂಟಿ ಜೀವವೃಕ್ಷ, ಸೌದಿಯ ಕಾಸ್‌ವೇ, ಕೊನೆಗೆ ಚಿನ್ನದ ಅಂಗಡಿ. ಈ ಸಲ ಬುಸೈತೀನಿನ ನಮ್ಮ ಮನೆಗೆ ಬಂದವಳು ಅಕ್ಕನ ಕಿರಿಮಗಳು. ಎಂ.ಎಸ್ಸಿ. ಮುಗಿಸಿದ್ದಾಳೆ, ದೂರದ ಊರಿನಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿದೆ. ಮನೆಯ ಹಿರಿಯರದ್ದು ಒಂದೇ ರಾಗ: "ಓದಿದ್ದು ಸಾಕು, ಮದುವೆ ಮಾಡಿ." ಡಾಕ್ಟರ್ ಮಾಮ ಬುದ್ಧಿ ಹೇಳಲಿ ಎಂದೇ ಅವಳನ್ನು ಕಳಿಸಿದ್ದರು!

ಬುಸೈತೀನ್ ಇರುವುದು ಮುಹರ್ರಕ್ ದ್ವೀಪದಲ್ಲೇ. ಹಾಗಾಗಿ ಮೊದಲ ಸಂಜೆ ಹಳೇ ಮುಹರ್ರಕ್‌ನ ಮುತ್ತಿನ ಹಾದಿಗೆ ಕರೆದುಕೊಂಡು ಹೋದೆ. ಸುಮಾರು 3.5 ಕಿಲೋಮೀಟರ್ ಉದ್ದದ ಈ ಹಾದಿ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕಡಲಂಚಿನ ಬು ಮಾಹಿರ್ ಕೋಟೆಯಿಂದ ಹೊರಟು, ಮುತ್ತಿಗಾಗಿ ಮುಳುಗುತ್ತಿದ್ದವರ ಮತ್ತು ವ್ಯಾಪಾರಿಗಳ ಮನೆಗಳನ್ನು ಹಾದು ಹೋಗುತ್ತದೆ. ನಡೆಯುತ್ತಾ ಅವಳಿಗೆ ಹೇಳಿದೆ: "ಈ ದೇಶದಲ್ಲಿ ಎಣ್ಣೆ ಸಿಕ್ಕಿದ್ದು 1932ರಲ್ಲಿ. ಆದರೆ ಹುಡುಗರ ಮೊದಲ ಆಧುನಿಕ ಸಾರ್ವಜನಿಕ ಶಾಲೆ ಅಲ್ ಹಿದಾಯಾ ಇದೇ ಮುಹರ್ರಕ್‌ನಲ್ಲಿ 1919ರಲ್ಲೇ ಶುರುವಾಗಿತ್ತು. 1928ರಲ್ಲಿ ಹುಡುಗಿಯರ ಶಾಲೆಯೂ ಬಂತು. ಎರಡೂ ಎಣ್ಣೆಯ ದುಡ್ಡಿಗಿಂತ ಮೊದಲು!"

"ನಮ್ಮ ಮಂಗಳೂರಿನ ಹಾಗೇ ಅಲ್ವಾ ಮಾಮ" ಎಂದಳು. ನಿಜ. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಆರಂಭಿಸಿದ್ದು 1891ರಲ್ಲಿ, ಹುಡುಗಿಯರ ಶಾಲೆ 1894ರಲ್ಲಿ. ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಸ್ಥಾಪಿಸಿದ್ದು 1906ರಲ್ಲಿ. ಮೊದಲು ಶಾಲೆ, ಆಮೇಲೆ ಬ್ಯಾಂಕು.

ಮರುತಿಂಗಳು ರಜೆಯಲ್ಲಿ ಊರಿಗೆ ಹೋದಾಗ ಅವಳೇ ಹಟ ಹಿಡಿದು ನನ್ನನ್ನು ನಮ್ಮ ಹಳ್ಳಿಯ ಶಾಲೆಗೆ ಎಳೆದುಕೊಂಡು ಹೋದಳು. ಹಂಚಿನ ಮಾಡು, ಅಂಗಳದ ಮಾವಿನಮರ ಹಾಗೆಯೇ ಇವೆ. ಹೆಡ್‌ಮಾಸ್ಟರು ಹಳೇ ದಾಖಲಾತಿ ಪುಸ್ತಕ ತೆಗೆಸಿದರು. ನನ್ನ ಹೆಸರಿಗಿಂತ ಮೂರು ವರ್ಷ ಹಿಂದಿನ ಪುಟದಲ್ಲಿ ಅಕ್ಕನ ಹೆಸರು. ತರಗತಿಗೇ ಮೊದಲಿಗಳಾಗಿದ್ದ ಅಕ್ಕನ ಓದು ಏಳನೇ ತರಗತಿಗೆ ಮುಗಿಯಿತು. ಹೈಸ್ಕೂಲು ಐದು ಮೈಲಿ ದೂರ. ಹುಡುಗಿ ಅಷ್ಟು ದೂರ ಹೋಗುವುದು ಬೇಡ ಎಂದರು ಮನೆಯವರು. ಮೂರು ವರ್ಷದ ನಂತರ ಅದೇ ದಾರಿಯಲ್ಲಿ ನಾನು ನಡೆದೆ, ಡಾಕ್ಟರನಾದೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ಅಷ್ಟರಲ್ಲಿ ಅಕ್ಕನಿಗೆ ನಲವತ್ತು ದಾಟಿತ್ತು.

ಅಮ್ಮನ ಹೆಸರಿನ ಮೇಲೆ ಬೆರಳಿಟ್ಟು ಹುಡುಗಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಹಿರಿಯರು ನನ್ನ 'ಬುದ್ಧಿಮಾತಿ'ಗೆ ಕಾದಿದ್ದರು. ವೈದ್ಯನಾಗಿ ನನಗೆ ಗೊತ್ತಿರುವುದನ್ನೇ ಹೇಳಿದೆ: ತಾಯಿ ಹೆಚ್ಚು ಓದಿದಷ್ಟೂ ಎಳೆಯ ಮಕ್ಕಳ ಸಾವು ಕಡಿಮೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸತ್ಯ. ಓದಿದವಳು ಲಸಿಕೆಯ ಕಾರ್ಡಿನ ತಾರೀಕು ನೋಡುತ್ತಾಳೆ, ಓ.ಆರ್.ಎಸ್. ಪೊಟ್ಟಣದ ಮೇಲಿನ ಅಳತೆ ಓದುತ್ತಾಳೆ, ಡಾಕ್ಟರನ್ನು ಪ್ರಶ್ನೆ ಕೇಳಲು ಹೆದರುವುದಿಲ್ಲ. "ಇವಳು ಓದಲಿ" ಎಂದೆ. ವಾದ ಇನ್ನೂ ನಡೆಯುತ್ತಿತ್ತೇನೋ, ಆದರೆ ಬಡಿಸುತ್ತಿದ್ದ ಅಕ್ಕ ಸೌಟು ಕೆಳಗಿಟ್ಟಳು. "ಅವಳು ಹೋಗ್ಲಿ. ದೂರ ಅಂತ ಮಾತ್ರ ಯಾರೂ ಹೇಳ್ಬೇಡಿ" ಎಂದಳು. ಮತ್ತೆ ಯಾರೂ ಮಾತಾಡಲಿಲ್ಲ. ಹುಡುಗಿ ಈಗ ಪಿಎಚ್.ಡಿ.ಗೆ ಸೇರಿದ್ದಾಳೆ.

ಮುಂದಿನ ರಜೆಯಲ್ಲಿ ನೀವೂ ಮಕ್ಕಳನ್ನು ನಿಮ್ಮ ಶಾಲೆಗೆ ಕರೆದುಕೊಂಡು ಹೋಗಿ. ನಿಮ್ಮ ಜೊತೆ ಕಲಿತು ನಡುವೆಯೇ ಬಿಟ್ಟವರು ಯಾರು, ಅವರ ಮಕ್ಕಳು, ಮೊಮ್ಮಕ್ಕಳು ಈಗ ಎಲ್ಲಿ ಓದುತ್ತಿದ್ದಾರೆ ಎಂದು ವಿಚಾರಿಸಿ. ಅವರಲ್ಲಿ ಒಬ್ಬಳ ಹಾಸ್ಟೆಲ್ ಫೀಸು ಕಟ್ಟುವುದು ದಿನಾರ್‌ನಲ್ಲಿ ದುಡಿಯುವ ನಮಗೆ ಭಾರವೇನಲ್ಲ.