ಇಂಗ್ಲಿಷಿಗೆ ಕನ್ನಡ ಅಡ್ಡಿಯೆ?

ಜೂನ್ ತಿಂಗಳು ಬಂದಿತೆಂದರೆ ಕಾಸರಗೋಡಿನ ಕನ್ನಡ ಶಾಲೆಗಳ ಬಾಗಿಲಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಮಗುವಿಗೆ ಇಂಗ್ಲಿಷು ಬರಬೇಕಾದರೆ ಕನ್ನಡ ಶಾಲೆಯನ್ನು ಬಿಡಿಸಬೇಕು.” ಇಂಗ್ಲಿಷು ಬೇಡವೆಂದು ನಾವು ಹೇಳುವವರಲ್ಲ. ಉನ್ನತ ವಿದ್ಯೆಗೂ ದೂರದ ಉದ್ಯೋಗಕ್ಕೂ ಅದು ಬೇಕು. ಬಡವರ ಮಕ್ಕಳಿಗಂತೂ ಇನ್ನೂ ಹೆಚ್ಚಾಗಿ ಬೇಕು. ಆದರೆ ಅದನ್ನು ಪಡೆಯಲು ಕನ್ನಡವನ್ನು ತೊರೆಯಬೇಕೆಂಬ ವಾದವನ್ನು ನಾವು ಒಪ್ಪಲಾರೆವು.

ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತಾರೆ. ಪೇಟೆಯಲ್ಲಿ ಮಲೆಯಾಳದಲ್ಲಿ ವ್ಯವಹರಿಸುತ್ತಾರೆ. ಶಾಲೆಯಲ್ಲಿ ಕನ್ನಡವನ್ನು ಓದುತ್ತಾರೆ. ಒಂದು ಭಾಷೆ ಮತ್ತೊಂದನ್ನು ಹೊರದೂಡುವುದು ನಿಜವಾಗಿದ್ದರೆ ಈ ಮಕ್ಕಳು ಮೂಕರಾಗಬೇಕಿತ್ತಲ್ಲವೆ?

ಮಗು ಇಂಗ್ಲಿಷಿನಲ್ಲಿ ಎಡವುವುದು ಎಲ್ಲಿ? “ನಾನು ಪುಸ್ತಕವನ್ನು ಓದುತ್ತೇನೆ” ಎಂಬಲ್ಲಿ ಕ್ರಿಯಾಪದ ಕೊನೆಯಲ್ಲಿದೆ. ಇಂಗ್ಲಿಷಿನಲ್ಲಿ ಅದು ಕರ್ಮಪದಕ್ಕಿಂತ ಮೊದಲೇ ಬರುತ್ತದೆ. ‘ಮನೆಯಲ್ಲಿ’ ಎಂಬುದರ ‘ಅಲ್ಲಿ’ ಪ್ರತ್ಯಯವು ನಾಮಪದದ ಕೊನೆಗೆ ಅಂಟಿದೆ. ಇಂಗ್ಲಿಷಿನ ‘ಇನ್’ ಬೇರೆ ಪದವಾಗಿ ನಾಮಪದಕ್ಕೆ ಮುಂಚೆ ನಿಲ್ಲುತ್ತದೆ. ‘ಎ’, ‘ಆನ್’, ‘ದಿ’ಗಳಿಗೆ ಸಮನಾದುದು ಕನ್ನಡದಲ್ಲಿಲ್ಲವಾದ್ದರಿಂದ ಮಗು ಅವನ್ನು ಬಿಟ್ಟೇ ಬರೆಯುತ್ತದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರಾಂತವಾಗಿರುವುದರಿಂದಲೇ ‘ಬಸ್’ ನಮ್ಮ ಬಾಯಲ್ಲಿ ‘ಬಸ್ಸು’ ಆಗುತ್ತದೆ. ಈ ತಪ್ಪುಗಳು ದಡ್ಡತನದ ಗುರುತುಗಳಲ್ಲ, ಒಂದೊಂದಕ್ಕೂ ಕಾರಣವುಂಟು. ಆ ಕಾರಣವನ್ನು ಬಿಡಿಸಿ ಹೇಳಬೇಕಾದರೆ ಮಗುವಿಗೆ ತಿಳಿದ ಭಾಷೆಯಲ್ಲಿಯೇ ಹೇಳಬೇಕು. ಕರ್ತೃ, ಕರ್ಮ, ಕ್ರಿಯೆಗಳನ್ನು ಕನ್ನಡದಲ್ಲಿ ಚೆನ್ನಾಗಿ ಅರಿತವನು ಇಂಗ್ಲಿಷಿನ ವಾಕ್ಯವನ್ನು ಬೇಗ ಬಿಡಿಸಬಲ್ಲನು. ಅರ್ಥವಾಗದ ಭಾಷೆಯಲ್ಲಿ ವಿಜ್ಞಾನವನ್ನೂ ಚರಿತ್ರೆಯನ್ನೂ ಉರುಹೊಡೆದವನಿಗೆ ವಿಷಯವೂ ದಕ್ಕದು, ಭಾಷೆಯೂ ದಕ್ಕದು.

ಕಿಟ್ಟೆಲರನ್ನು ನೆನೆಯೋಣ. ಅವರ ಮಾತೃಭಾಷೆ ಜರ್ಮನ್. ಆದರೂ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪರಭಾಷೆಗಳೆರಡರಲ್ಲಿ ಅವರು ಪಡೆದ ಪ್ರಭುತ್ವಕ್ಕೆ ಸಾಕ್ಷಿಯಾಗಿದೆ. ಬಿ.ಎಂ.ಶ್ರೀಯವರು ಇಂಗ್ಲಿಷಿನ ಪ್ರಾಧ್ಯಾಪಕರು. ಅವರ ‘ಇಂಗ್ಲಿಷ್ ಗೀತಗಳು’ ಬೆಳಗಿದುದು ಕನ್ನಡವನ್ನು. ಪರಭಾಷೆಯ ಪಾಂಡಿತ್ಯಕ್ಕೆ ಸ್ವಭಾಷೆಯ ತ್ಯಾಗವನ್ನು ಇವರಾರೂ ಬೆಲೆಯಾಗಿ ತೆರಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಗೈಡಿನ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿ ನಿಲ್ಲಬೇಕು. ದಿನಕ್ಕೆ ಹತ್ತು ಸಾಲುಗಳನ್ನು ಗಟ್ಟಿಯಾಗಿ ಓದಿಸಬೇಕು. ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಅನುವಾದ ಮಾಡಿಸಬೇಕು. ತೋಟ, ಮಳೆ, ಹೊಳೆ, ಯಕ್ಷಗಾನ, ಹೀಗೆ ಕಂಡುದನ್ನು ಕುರಿತು ವಿದ್ಯಾರ್ಥಿ ಐದು ಸ್ವಂತ ವಾಕ್ಯಗಳನ್ನು ಬರೆಯಬೇಕು. ತಪ್ಪಿದಾಗ ನಗುವ ತರಗತಿಯಲ್ಲಿ ಯಾರೂ ಬಾಯಿ ತೆರೆಯರು. ಆದುದರಿಂದ ಆ ನಗೆಯನ್ನು ಮೊದಲು ತಡೆಯಬೇಕು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲಿಯೇ ಅದು ಸೇರಿತು. ಆದರೆ ಮಕ್ಕಳೇ ಇಲ್ಲದ ತರಗತಿಯನ್ನು ಯಾವ ವಿಧಿಯೂ ಉಳಿಸಲಾರದು. ಕನ್ನಡ ಶಾಲೆಯಲ್ಲಿ ಕಲಿತವನ ಇಂಗ್ಲಿಷು ಯಾರಿಗೂ ಕಡಿಮೆಯಲ್ಲವೆಂದು ನಾವು ಮಾಡಿ ತೋರಿಸಬೇಕು. ಶಿಕ್ಷಕಬಂಧುಗಳೇ, ವಿದ್ಯಾರ್ಥಿಮಿತ್ರರೇ, ಜೂನ್ ತಿಂಗಳ ಆ ಮಾತಿಗೆ ಇದೊಂದೇ ತಕ್ಕ ಉತ್ತರ.