ಕೋವಿಗೆ ಬೀಗ ಹಾಕಿದರೆ ಯೋಧನಿಗೆ ಅವಮಾನವೇ?

ಆಗಸ್ಟ್ 15 ಬಂತೆಂದರೆ ನಮ್ಮ ಶಾಲೆಗಳಿಗೆ ಊರಿನ ಮಾಜಿ ಸೈನಿಕರ ನೆನಪಾಗುತ್ತದೆ. ಶಾಲು ಹೊದೆಸುತ್ತೇವೆ, ಮಕ್ಕಳಿಂದ ಜೈಕಾರ ಹಾಕಿಸುತ್ತೇವೆ, ಪಾಯಸ ಕುಡಿದು ಮನೆಗೆ ಹೋಗುತ್ತೇವೆ. ಅವರಿಗೆ ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಎಂದು ಉಳಿದ 364 ದಿನ ಯಾರೂ ಕೇಳುವುದಿಲ್ಲ.

ಕೇಳಿದರೆ ಸಿಗುವ ಉತ್ತರ ಒಂದೇ: "ಅವರು ಗಡಿ ಕಾದವರಲ್ವಾ ಮಾಷ್ಟ್ರೇ, ಅವರಿಗೆಂಥ ಬೇಜಾರು?"

ಈ ಮಾತೇ ಅಪಾಯ. ಸಿಪಾಯಿಗಳಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಜೊತೆಗಾರರಿಲ್ಲ, ದಿನಚರಿಯಿಲ್ಲ. ಕೆಲವರ ಮನೆಯಲ್ಲಿ ಹಂದಿ ಓಡಿಸಲೆಂದೋ ಬ್ಯಾಂಕಿನ ಕಾವಲು ಕೆಲಸಕ್ಕೆಂದೋ ಪಡೆದ ಲೈಸೆನ್ಸಿನ ಕೋವಿಯಿದೆ. ಧೈರ್ಯವಂತನೆಂಬ ಹಣೆಪಟ್ಟಿ ಹಚ್ಚಿ, ಅಳುವ ಹಕ್ಕನ್ನೂ ಕಿತ್ತುಕೊಂಡವರು ನಾವು.

ಇನ್ನೊಂದು ಮಾತು: "ಸಾಯಬೇಕೆಂದು ಹೊರಟವರನ್ನು ಯಾರು ತಡೆಯಲಾದೀತು?" ಇದು ಶುದ್ಧ ಸುಳ್ಳು! ಸಾಯುವ ಯೋಚನೆ ತೀವ್ರವಾಗಿರುವ ಗಳಿಗೆ ಬಹಳ ಸಲ ಕೆಲವೇ ನಿಮಿಷ, ಕೆಲವೇ ಗಂಟೆಯದ್ದು. ಅದನ್ನು ದಾಟಿ ಬದುಕುಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆದರೆ ಕೋವಿ ಎರಡನೇ ಯೋಚನೆಗೆ ಸಮಯ ಕೊಡುವುದಿಲ್ಲ. ಅಮೆರಿಕದಲ್ಲಿ ಆತ್ಮಹತ್ಯೆಯಿಂದ ಸಾಯುವ ಮಾಜಿ ಸೈನಿಕರ ಪೈಕಿ ಹತ್ತರಲ್ಲಿ ಸುಮಾರು ಏಳು ಮಂದಿಯ ಸಾವಿಗೆ ಬಂದೂಕೇ ಸಾಧನ. ಇಸ್ರೇಲಿನ ಸೇನೆ 2006ರಲ್ಲಿ ಒಂದು ಬದಲಾವಣೆ ಮಾಡಿತು. ವಾರಾಂತ್ಯದ ರಜೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು, ಅಷ್ಟೇ. ಸೈನಿಕರ ಆತ್ಮಹತ್ಯೆ ಸುಮಾರು ಶೇಕಡಾ 40ರಷ್ಟು ಇಳಿಯಿತು.

ಚುನಾವಣೆ ಬಂದಾಗ ಪೊಲೀಸರು ಹೇಳಿದರೆ ನಮ್ಮ ಕೃಷಿಕರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಆಗ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮತದ ಪೆಟ್ಟಿಗೆಗೆ ಕೊಡುವ ಕಾಳಜಿಯನ್ನು ಮನೆಯ ಯಜಮಾನನ ಜೀವಕ್ಕೆ ಕೊಡಬಾರದೇ?

ಕೋವಿಯನ್ನು ಸುರಕ್ಷಿತವಾಗಿ ಇಡುತ್ತೇನೆಂದು ಲೈಸೆನ್ಸಿಗೆ ಮುಚ್ಚಳಿಕೆ ಬರೆದುಕೊಡಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳೇ ಹೇಳುತ್ತವೆ. ಆ ಕಾಗದಕ್ಕೆ ಬೆಲೆ ಬರಲಿ. ಗುಂಡು ತೆಗೆದಿಟ್ಟ ಕೋವಿಗೆ ಒಂದು ಬೀಗ, ಗುಂಡುಗಳಿಗೆ ಬೇರೆ ಕಡೆ ಇನ್ನೊಂದು ಬೀಗ. ಮಕ್ಕಳಿರುವ ಮನೆಯಲ್ಲಂತೂ ಇದು ಕಡ್ಡಾಯ. ಮನೆಯವರ ಮನಸ್ಸು ಸರಿಯಿಲ್ಲದ ದಿನಗಳಲ್ಲಿ ಅವರೊಂದಿಗೆ ಮಾತಾಡಿ, ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸುಳ್ಳ ಕೋವಿ ಅಂಗಡಿಯಲ್ಲೋ ಇರಿಸಿ. ನೆರೆಮನೆಯ ಅಟ್ಟಕ್ಕೆ ಸಾಗಿಸಬೇಡಿ. ಅದು ಕಾನೂನಿಗೂ ಸರಿಯಲ್ಲ, ಕ್ಷೇಮವೂ ಅಲ್ಲ.

ಮತ್ತೆ, ಬಾಯಿಬಿಟ್ಟು ಕೇಳಿ: "ಸಾಯುವ ಯೋಚನೆ ಬರುತ್ತದೆಯೇ?" ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಪೊಲೀಸ್ ಕೇಸಿನ ಹೆದರಿಕೆಯೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಪರಿಗಣಿಸುತ್ತದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಸಿಗುತ್ತಾರೆ, ಹಣ ಕೊಡಬೇಕಾಗಿಲ್ಲ. ಮಲಯಾಳವೇ ಆಗಬೇಕೆಂದಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಬಿಸಿಯೂಟ, ಬಸ್ಸು, ಸಮವಸ್ತ್ರದ ಚರ್ಚೆಯ ನಡುವೆ ಹತ್ತು ನಿಮಿಷ ಇದಕ್ಕೂ ಇರಲಿ. ನಮ್ಮ ಬೆಂಚುಗಳಲ್ಲಿ ಕೂತಿರುವವರು ಆ ಯೋಧರ ಮಕ್ಕಳು, ಮೊಮ್ಮಕ್ಕಳು. ಅವರಿಗೆ ಶಾಲು ಹೊದ್ದ ಅಜ್ಜನ ಫೋಟೋ ಸಾಲದು, ಸಂಜೆ ಗೇಟಿನ ಬಳಿ ಕಾದು ನಿಲ್ಲುವ ಅಜ್ಜನೇ ಬೇಕು.