ಯೆಜ್ಡಿಗೆ ಜಾವಾ ಬಿಲ್ಲೆ ಯಾಕ್ರೀ?

ಹಳೇ ಬೈಕಿನ ಹುಚ್ಚು ನಮ್ಮ ದಾವಣಗೆರೆಗೂ ಬಂದಿದೆ. ಸಂತೋಷ. ಆದ್ರೆ ಜೊತೆಗೇ ಒಂದು ರೋಗಾನೂ ಬಂದಿದೆ. ಯೆಜ್ಡಿ ತಂದು, ಟ್ಯಾಂಕಿಗೆ ಜಾವಾ ಬಿಲ್ಲೆ ಹಾಕಿ, "ಅರವತ್ತೆಂಟರ ಜಾವಾ" ಅಂತ ಮಾರೋದು.

ಸರಸ್ವತಿ ನಗರದ ನನ್ನ ಗೆಳೆಯನೊಬ್ಬ ಇಂಥದ್ದೇ ಒಂದು ತಗೊಂಡ. ಮಿರಮಿರ ಮಿಂಚೋ ಮೆರೂನ್ ಬಣ್ಣ, ಹೊಸ ಕ್ರೋಮ್. ಆರ್‌ಸಿ ಬುಕ್ ನೋಡಿದ್ರೆ 1976ರ ಯೆಜ್ಡಿ! ಮಾರಿದವರನ್ನ ಕೇಳಿದ್ದಕ್ಕೆ, "ಎರಡೂ ಒಂದೇ ಬಿಡ್ರಿ ಸಾರ್" ಅಂದ್ರಂತೆ.

ಒಂದೇ ಆಗಿದ್ರೆ ಬಿಲ್ಲೆ ಯಾಕೆ ಬದಲಾಯಿಸಿದ್ರಿ ಸ್ವಾಮಿ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಮೊದಮೊದಲು ಜೆಕೊಸ್ಲೊವಾಕಿಯದ ಜಾವಾ ಹೆಸರಲ್ಲೇ ಗಾಡಿ ಮಾಡಿದ್ರು, 1973ರ ಸುಮಾರಿಗೆ ಯೆಜ್ಡಿ ಅಂತ ತಮ್ಮದೇ ಹೆಸರು ಇಟ್ರು. ಕಿಕ್ಕರ್ರೇ ಗೇರ್ ಲಿವರ್ ಆಗೋ ಚಮತ್ಕಾರ ಎರಡರಲ್ಲೂ ಇದೆ, ನಿಜ. ಆದ್ರೆ ಯೆಜ್ಡಿ ಅನ್ನೋದು ನಮ್ಮ ಮೈಸೂರಿನ ಹೆಸರು. ಅದನ್ನೇ ಕಿತ್ತು ಎಸೆಯೋದಾ? ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಓಡಿಸಿದವರನ್ನ ಕೇಳಿ ನೋಡಿ, ಅದಕ್ಕೆ ಬೇರೆ ಕಂಪನಿ ಪ್ಲೇಟ್ ಹೊಡೀತೀನಿ ಅಂತ. ಬೈಸ್ಕೊಂಡು ಬರ್ತೀರಿ.

ವೈರಿಂಗ್ ಕಥೆ ಇನ್ನೂ ಘೋರ. ಚಾಸಿಗೆ ದಪ್ಪಗೆ ಪೌಡರ್ ಕೋಟಿಂಗ್ ಹೊಡೆಸ್ತಾರೆ. ಅರ್ತ್ ಆಗೋ ಜಾಗದಲ್ಲಿ ಬಣ್ಣ ಕೆರೆಯಲ್ಲ. ಕರೆಂಟು ವಾಪಸ್ ಹೋಗೋದೇ ಆ ಚಾಸಿ ಮೂಲಕ! ಮೇಲೆ ಸಿಕ್ಕ ತೆಳು ವೈರ್ ಎಳೀತಾರೆ. 6 ವೋಲ್ಟಲ್ಲಿ 24 ವ್ಯಾಟ್ ಬಲ್ಬ್ 4 ಆಂಪಿಯರ್ ಎಳೆಯುತ್ತೆ, 12 ವೋಲ್ಟಲ್ಲಾದ್ರೆ 2 ಸಾಕು. ದಾರೀಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಇದ್ರೂ ಕಾಲುಭಾಗಕ್ಕಿಂತ ಹೆಚ್ಚು ವೋಲ್ಟೇಜ್ ಅಲ್ಲೇ ಸೋರಿಹೋಗುತ್ತೆ. ಲೈಟು ಮಿಣಮಿಣ ಅನ್ನುತ್ತೆ. ತಕ್ಷಣ ತೀರ್ಪು: "ಡೈನಮೋ ಹೋಗಿದೆ ಸಾರ್". ಚೆನ್ನಾಗಿದ್ದ ಡೈನಮೋ ಗುಜರಿಗೆ, ಗಾಡಿಗೆ ಹೊಸಾ 12 ವೋಲ್ಟ್ ಕಿಟ್. ಅರ್ಥವಾಗದ ಹಳೇ ಕೋಡನ್ನ ಅಳಿಸಿ ಹೊಸದಾಗಿ ಬರೆಯೋ ನಮ್ಮ ಆಫೀಸಿನವರ ನೆನಪಾಗುತ್ತೆ. ಒಂದು ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ಕೂತಿದ್ರೆ ಸಾಕಿತ್ತು.

ದಿನಾ ಓಡಿಸೋರು 12 ವೋಲ್ಟ್ ಹಾಕ್ಕೊಳ್ಳಲಿ, ನನ್ನ ತಕರಾರಿಲ್ಲ. ಹಾಕಿದ್ದೀವಿ ಅಂತ ಹೇಳಿ ಮಾರಲಿ. "ಒರಿಜಿನಲ್" ಅನ್ನೋದು ಯಾಕೆ?

ಇನ್ನೊಂದು ತಮಾಷೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿ ಆಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರೋ ಗಾಡಿ ವಿಂಟೇಜ್. ಚಾಸಿ, ಎಂಜಿನ್ ಮಾರ್ಪಾಡು ಮಾಡಿದ್ರೆ ಇಲ್ಲ. ಅಂದ್ರೆ 1973ರ ಯೆಜ್ಡಿಗೆ 2023ರಲ್ಲೇ ಐವತ್ತಾಯ್ತು. ಅದೇ ವಿಂಟೇಜ್ ಕಣ್ರೀ, ಸುಳ್ಳು ಹುಟ್ಟಿದಹಬ್ಬ ಯಾಕೆ ಬೇಕು?

ತಗೊಳ್ಳೋರು ಟ್ಯಾಂಕ್ ನೋಡಬೇಡಿ. ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಒರೆಸಿ ಓದಿ, ಆರ್‌ಸಿಗೆ ತಾಳೆ ಹಾಕಿ. ಉಜ್ಜಿದ ಗುರುತು ಕಂಡ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ಬ್ಲಾಗಿಗ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಅಪ್ಪನದೋ ಮಾವನದೋ ಕೈಯಿಡದ ಯೆಜ್ಡಿ ಇದ್ರೆ ಹೆಡ್‌ಲೈಟ್ ಬಿಚ್ಚಿ ಒಳಗಿನ ವೈರ್‌ಗಳ ಫೋಟೋ ಹಾಕಿ, ಯಾವ ಬಣ್ಣದ್ದು ಎಲ್ಲಿಗೆ ಹೋಗುತ್ತೆ ಅಂತ ಕನ್ನಡದಲ್ಲೇ ಬರೀರಿ. ಚಾಸಿ ನಂಬರ್ ಮಾತ್ರ ಪೂರ್ತಿ ತೋರಿಸಬೇಡಿ. ಅದನ್ನೂ ತಮ್ಮ ಗಾಡಿಗೆ ಪಂಚ್ ಮಾಡ್ಕೊಳ್ಳೋರಿದ್ದಾರೆ.